ಟಾಕಿಯ ಪಾಳಿ

ಮೊದಲಿಗೆ ಕ್ಷಮೆ ಕೇಳಬೇಕು. ಈ ಸಂಗತಿಯನ್ನು ನಾನು ಹೇಳಬೇಕಾದದ್ದು ಒಬ್ಬ ಹೆಣ್ಣುಮಗಳ ಮುಂದೆ, ಅವರ ಮನೆಯ ಹೊಸ್ತಿಲಲ್ಲಿ ಕೂತು. ಅಲ್ಲಿ ಬಾಯಿ ಬಿಡಲಾಗದೆ ಇಲ್ಲಿ ಗುರುತಿಲ್ಲದವರ ಮುಂದೆ ಹೇಳುತ್ತಿದ್ದೇನೆ. ಇದನ್ನು ಧೈರ್ಯ ಅನ್ನಲಾಗದು ಎಂದು ನನಗೆ ಗೊತ್ತಿದೆ. ಕಲಿತದ್ದೂ ಕಡಿಮೆ, ನಿಪ್ಪಾಣಿಯ ತಂಬಾಕಿನ ವಖಾರದಲ್ಲಿ ಹಗಲು ದುಡಿದು, ಸಂಜೆ ವರ್ಗದಲ್ಲಿ ಕೂತು ಮ್ಯಾಟ್ರಿಕ್ ಮುಗಿಸಿದವಳು. ನೆನಪಿದ್ದಷ್ಟನ್ನು ಇದ್ದ ಹಾಗೆ ಹೇಳುತ್ತೇನೆ. ಎಲ್ಲಾದರೂ ಮಾತು ನನ್ನ ಕಡೆಗೆ ವಾಲಿದಂತೆ ಕಂಡರೆ ಓದುವವರು ಅಷ್ಟನ್ನು ನಂಬದೆ ಬಿಡಬೇಕು.

ನನ್ನ ಅವ್ವ ಮಲಕವ್ವ ಮೂವತ್ತೊಂದು ವರ್ಷ ಒಂದೇ ವಖಾರದಲ್ಲಿ ತಂಬಾಕು ಹಸನು ಮಾಡಿದಳು. ಅದೇ ವಖಾರದಲ್ಲಿ ಪೀರಸಾಬ ಮಾಮಾ ಜರಡಿ ಹಿಡಿಯುತ್ತಿದ್ದರು. ಅವರು ಜರಡಿ ಆಡಿಸಿದರೆ ಏಳುತ್ತಿದ್ದ ಧೂಳು ಎದುರಿಗೆ ಕೂತ ಅವ್ವನ ಮುಖಕ್ಕೆ ಬರುತ್ತಿತ್ತು. ಮೂಗಿಗೆ ಸೆರಗು ಕಟ್ಟಿಕೊಂಡರೂ ಸಂಜೆ ಉಗುಳಿದರೆ ಕಂದು. ಅವ್ವ ಅವರಿಗೆ "ಪೀರ್ಯಾ" ಅನ್ನುತ್ತಿದ್ದಳು, ಅವರು ಅವ್ವನಿಗೆ "ಅಕ್ಕಾ" ಅನ್ನುತ್ತಿದ್ದರು. ಹಾಗಾಗಿ ನನಗೆ ಅವರು ಮಾಮಾ, ಅವರ ಹೆಂಡತಿ ಕುಲಸುಂಬಿ ನನಗೆ ಮಾಮಿ. ನಮ್ಮ ಎರಡೂ ಮನೆಗಳ ನಡುವೆ ಎರಡು ಗಲ್ಲಿ ಅಷ್ಟೇ.

ಎಂಬತ್ತೆಂಟರ ಹೊತ್ತಿಗೆ ಇಬ್ಬರಿಗೂ ದಮ್ಮು ಹತ್ತಿ ವಖಾರ ಬಿಟ್ಟಿದ್ದರು. ನಾನು ಅಷ್ಟರಲ್ಲಿ ಒಂದು ಸೊಸೈಟಿಯಲ್ಲಿ ರೇಷನ್ ಚೀಟಿ ಬರೆಯುವ ಕೆಲಸಕ್ಕೆ ಸೇರಿದ್ದೆ. ಅವ್ವ ಹತ್ತು ಹೆಜ್ಜೆ ನಡೆದರೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಗೋಡೆಗೆ ದಿಂಬು ಒರಗಿಸಿ ಕೂತೇ ನಿದ್ದೆ. ಸರಕಾರಿ ದವಾಖಾನೆಯ ಡಾಕ್ಟರು ಇಬ್ಬರನ್ನೂ ನೋಡಿ ಒಂದೇ ಮಾತು ಹೇಳಿದರು. ಗುಳಿಗೆಯಿಂದ ಇನ್ನು ಆಗುವುದಿಲ್ಲ, ಮನೆಯಲ್ಲಿ ಆಕ್ಸಿಜನ್ ಇಟ್ಟುಕೊಳ್ಳಿ, ದಿನಕ್ಕೆ ಏಳೆಂಟು ತಾಸು ಕೊಡಿ.

"ಎಲ್ಲಿ ಸಿಗತೈತ್ರಿ ಸಾಹೇಬ್ರ?"

"ಕೊಲ್ಲಾಪುರದಾಗ ಸಿಗತೈತಿ. ಚೀಟಿ ಬರದ ಕೊಡ್ತೀನಿ. ಇಲ್ಲಿ ನಮ್ಮ ಹತ್ರ ಇರೂದ ಒಂದ, ಅದು ಹೆರಿಗಿ ಕೋಣ್ಯಾಗ ಬೇಕು."

ಆ ಚೀಟಿ ಹಿಡಿದು ನಾನು ಕೊಲ್ಲಾಪುರಕ್ಕೆ ಹೋದೆ. ಗ್ಯಾಸಿನ ಡಿಪೋದಲ್ಲಿ ಕೂತವನು ಚೀಟಿ ತಿರುಗಿಸಿ ನೋಡಿ, "ರಿಕಾಮಿ ಟಾಕಿ ಆಣಾ, ಭರಲೇಲಿ ಘೇವೂನ್ ಜಾ" ಅಂದ. ಖಾಲಿ ಟಾಕಿ, ಅಂದರೆ ಸಿಲಿಂಡರ್, ತಂದರೆ ತುಂಬಿದ್ದು ಒಯ್ಯಬಹುದು. ಮೊದಲ ಸಲ ಒಯ್ಯುವವರ ಹತ್ತಿರ ಖಾಲಿ ಎಲ್ಲಿಂದ ಬರಬೇಕು ಎಂದು ಕೇಳಿದೆ. ಎಲ್ಲರೂ ಇದನ್ನೇ ಕೇಳುತ್ತಾರೆ ಎಂದು ನಕ್ಕ. ಕೆಟ್ಟ ನಗೆಯೇನೂ ಅಲ್ಲ. ಚಹಾ ಕೂಡ ಕೊಡಿಸಿದ.

ಅಥಣಿಯಲ್ಲಿ ಒಬ್ಬ ಡಾಕ್ಟರು ಬಾಡಿಗೆಗೆ ಕೊಡುತ್ತಾರೆ ಎಂದು ಯಾರೋ ಹೇಳಿದರು. ರವಿವಾರ ಬಸ್ಸು ಹಿಡಿದು ಹೋದೆ. ಅವರ ಟಾಕಿಯನ್ನು ಕಾಗವಾಡದವರು ಒಯ್ದು ಆರು ತಿಂಗಳಾಗಿತ್ತು. ಆ ರೋಗಿ ಇನ್ನೂ ಇದ್ದಾರೆ ಎಂದು ಕಂಪೌಂಡರ್ ಬೇಸರದಿಂದಲೋ ಸಂತೋಷದಿಂದಲೋ ಹೇಳಿದ. ನನ್ನ ಮನಸ್ಸಿನಲ್ಲಿ ಒಂದು ಕ್ಷಣ ಏನು ಬಂತು ಎಂಬುದನ್ನು ಬರೆಯಲು ನಾಚಿಕೆ. ಬರೆಯದೆಯೂ ತಿಳಿಯುವಂಥದ್ದು.

ಕಡೆಗೆ ಹೆದ್ದಾರಿ ಪಕ್ಕ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಮುರಗೆಪ್ಪಣ್ಣನ ಹತ್ತಿರ ಹೋದೆ. ಬೇಡಕಿಹಾಳದವನು, ಅಣ್ಣತಮ್ಮಂದಿರು ಕಬ್ಬು ನೋಡಿಕೊಂಡರೆ ಇವನು ಟ್ರ್ಯಾಕ್ಟರ್ ಟ್ರೇಲರುಗಳನ್ನು ಬೆಸೆಯುತ್ತಿದ್ದ. ಅವನ ಅಂಗಡಿಯಲ್ಲಿ ನಾಲ್ಕು ಟಾಕಿ ಸಾಲಾಗಿ ನಿಂತಿದ್ದವು.

"ಅಣ್ಣಾ, ಇದರಾಗ ಇರೂದೂ ಆಕ್ಸಿಜನ್ ಅಲ್ಲೇನು?"

"ಹೌದು. ಆದ್ರ ಇದು ಕಬ್ಬಿಣಕ್ಕ ತಾಯಿ, ಮೂಗಿಗಲ್ಲ. ಒಳಗ ಏನೇನ ಹೊಲಸ ಇರತೈತೋ. ನಾಳೆ ಹೆಚ್ಚುಕಮ್ಮಿ ಆದ್ರ ನಿನ್ನವ್ವನ ಕೊಂದಾಂವ ನಾ ಆಗಬೇಕೇನು?"

ನಾನು ಅಲ್ಲಿಂದ ಕದಲಲಿಲ್ಲ. ಅವನು ಕೈಯಲ್ಲಿದ್ದ ನಟ್ಟು ತಿರುಗಿಸುವ ಪಾನಾ ಕೆಳಗಿಟ್ಟು, "ಎಂಟ ದಿನಾ ತಡಿ" ಅಂದ. ಒಂಬತ್ತನೆಯ ದಿನ ಚಿಕ್ಕೋಡಿಯಿಂದ ಒಂದು ಟಾಕಿ ತಂದಿಳಿಸಿದ. ಅಲ್ಲಿ ವಯಸ್ಸಾದ ಡಾಕ್ಟರೊಬ್ಬರು ದವಾಖಾನೆ ಮುಚ್ಚಿ ಮಗಳ ಊರಿಗೆ ಹೋಗುವವರಿದ್ದರಂತೆ. ಆಳೆತ್ತರಕ್ಕೆ ಸ್ವಲ್ಪ ಕಡಿಮೆ, ಕಪ್ಪು ಮೈ, ಬಿಳಿ ಕುತ್ತಿಗೆ. ಜೊತೆಗೆ ಮುಳ್ಳಿನ ಗಡಿಯಾರದಂಥ ಮೀಟರು, ಗುಂಡು ಏರಿಳಿಯುವ ಗಾಜಿನ ನಳಿಗೆ, ನೀರು ಹಾಕುವ ಬಾಟಲಿ, ರಬ್ಬರ್ ನಳಿಗೆ. ವಾರಕ್ಕೊಮ್ಮೆ ಕೊಲ್ಲಾಪುರಕ್ಕೆ ಅವನ ಟೆಂಪೋ ಹೋಗುತ್ತಿತ್ತು, ಅದರಲ್ಲೇ ಇದನ್ನೂ ತುಂಬಿಸಿಕೊಂಡು ಬರುವುದಾಗಿ ಒಪ್ಪಿದ.

ಆದರೆ ಸಿಕ್ಕಿದ್ದು ಒಂದು. ಬೇಕಾದವರು ಇಬ್ಬರು.

ಪೀರಸಾಬ ಮಾಮಾನ ಮನೆಯ ಕಟ್ಟೆಯ ಮೇಲೆ ನಾವೆಲ್ಲ ಕೂತೆವು. ಅವ್ವನನ್ನು ಕೈಗಾಡಿಯ ಮೇಲೆ ಕೂಡಿಸಿಕೊಂಡು ಬಂದಿದ್ದೆ.

"ಟಾಕಿ ಒಂದ, ಮೂಗ ಎರಡ," ಅಂದ ಮುರಗೆಪ್ಪಣ್ಣ. "ನಮ್ಮ ಊರಾಗ ಬಾವಿ ಒಂದ, ಅಣ್ಣತಮ್ಮರ ಹೊಲ ಎರಡ ಇದ್ದಂಗ ಆತಿದು. ಏನ ಮಾಡ್ತೀವಿ? ಪಾಳಿ ಹಚ್ಚತೀವಿ. ನೀವೂ ಪಾಳಿ ಹಚ್ಚರಿ."

"ಅವಗ ನಾಕ ದಿನಾ ಕೊಡ್ರಿ, ನನಗ ಮೂರ ಸಾಕು," ಅಂದಳು ಅವ್ವ. "ಅವನ ಮೂಗ ದೊಡ್ಡದೈತಿ."

"ಅಕ್ಕಾ, ಮೂಗಿಗೆ ಇರಲಿ, ನಿನ್ನ ನಾಲಿಗಿಗೇ ಒಂದ ಟಾಕಿ ಬೇಕಾಗತೈತಿ," ಅಂದರು ಮಾಮಾ.

"ನೀ ಜರಡಿ ಮೆಲ್ಲಕ ಆಡಿಸಿದ್ರ ಯಾರಿಗೂ ಬೇಕಾಗತಿರಲಿಲ್ಲೋ ಮೂಳಾ."

ಮಾಮಾ ನಗಲು ಹೋಗಿ ಕೆಮ್ಮಿದರು. ಅವರ ಕೆಮ್ಮಿನ ನಡುವೆಯೇ ಮುರಗೆಪ್ಪಣ್ಣ ಇನ್ನೊಂದು ಮಾತು ಹೇಳಿದ. "ಒಂದ ಮಾತ ಲಕ್ಷ್ಯದಾಗಿರಲಿ. ಬಾವಿ ಪಾಳ್ಯಾಗ ಕರೆಂಟ ಹೋದ್ರ, ಹೋದ ತಾಸ ಅವಗ ತುಂಬಿ ಕೊಡಬೇಕು. ಮುಂದಿನಾಂವ ಅಷ್ಟ ತಡೀಬೇಕು. ಇದಕ್ಕೂ ಹಂಗ. ಒಬ್ಬರ ಪಾಳ್ಯಾಗ ಟಾಕಿ ತುಂಬಾಕ ಹೋತಂದ್ರ, ಹೋದ ದಿನಾ ಅವರಿಗೆ ತಿರುಗಿ ಬರಬೇಕು." ಅವ್ವ ತಲೆಯಾಡಿಸಿದಳು. ಮಾಮಾ ಕೆಮ್ಮುತ್ತಲೇ ಇದ್ದರು, ಕೈ ಎತ್ತಿದರು. ಅದು ಹೂಂ ಎಂದೋ, ತಡಿ ಎಂದೋ ನನಗೆ ತಿಳಿಯಲಿಲ್ಲ. ಅವರು ಹೊಲ ಕಂಡವರಲ್ಲ. ಮಾಮಿ ಬೋರಗಾಂವದ ಮಗ್ಗದ ಮನೆಯವರು. ಬಾವಿ ಪಾಳಿಯ ಕಟ್ಟಳೆ ಅವರಿಗೆ ಗೊತ್ತಿರುವ ಕಾರಣವಿರಲಿಲ್ಲ.

ಚೀಟಿ ಬರೆದವಳು ನಾನು. ಊರಿನ ಸೈರನ್ನಿಗೆ ನಾವು ಭೋಂಗಾ ಅನ್ನುತ್ತೇವೆ. ಸೋಮವಾರ ಮುಂಜಾನೆ ಎಂಟರ ಭೋಂಗಾದಿಂದ ಗುರುವಾರ ಎಂಟರ ಭೋಂಗಾದವರೆಗೆ ಮಲಕವ್ವ; ಗುರುವಾರ ಎಂಟರಿಂದ ಸೋಮವಾರ ಎಂಟರವರೆಗೆ ಪೀರಸಾಬ. ಎರಡು ಪ್ರತಿ ಮಾಡಿದೆ. ಅವ್ವ ಹೆಬ್ಬೆಟ್ಟು ಒತ್ತಿದಳು, ಮಾಮಾ ಉರ್ದುವಿನಲ್ಲಿ ಸಹಿ ಮಾಡಿದರು. ಕರೆಂಟಿನ ಮಾತನ್ನು ನಾನು ಬರೆಯಲಿಲ್ಲ. ಇಷ್ಟು ಬೇಕಾಗಿದೆಯೇ, ನಮ್ಮ ನಮ್ಮೊಳಗೆ ಅಲ್ಲವೇ ಅನ್ನಿಸಿತು. ಸಂಜೆ ವರ್ಗದ ಗುರುಗಳು ಬರೆದದ್ದನ್ನು ಮತ್ತೊಮ್ಮೆ ಓದಿ ನೋಡು ಎಂದು ಯಾವಾಗಲೂ ಹೇಳುತ್ತಿದ್ದರು. ಓದಿ ನೋಡಿಯೂ ಬಿಟ್ಟೆ.

ಏಳು ತಿಂಗಳು ಪಾಳಿ ತಪ್ಪಲಿಲ್ಲ. ಭೋಂಗಾ ಆಯಿತೆಂದರೆ ಕೈಗಾಡಿ ಬರುತ್ತಿತ್ತು ಇಲ್ಲವೇ ಹೋಗುತ್ತಿತ್ತು. ಟಾಕಿಯ ಜೊತೆ ನಮ್ಮಿಂದ ಶೇಂಗಾ ಹೋಳಿಗೆ ಹೋಯಿತು, ಅವರಿಂದ ರಮಜಾನಿಗೆ ಶಾವಿಗೆಯ ಸುರಕುಂಬಾ ಬಂತು. ಸಂಜೆ ಅವ್ವ ನಳಿಗೆ ಹಾಕಿಕೊಂಡು ಕೂತಿದ್ದರೆ ನೀರಿನ ಬಾಟಲಿ ಗುಳುಗುಳು ಅನ್ನುತ್ತಿತ್ತು. ಆ ಸಪ್ಪಳ ಕೇಳುತ್ತಿದ್ದರೆ ಮನೆಗೆ ತಂದ ರೇಷನ್ ಚೀಟಿಗಳಲ್ಲಿ ನನ್ನ ಅಕ್ಷರ ಚಂದ ಬರುತ್ತಿದ್ದವು. ಅವ್ವ ಮತ್ತೆ ತನ್ನ ಜಡೆ ತಾನೇ ಹಾಕಿಕೊಂಡಳು. ಒಂದು ದಿನ ಕಸಬರಿಗೆ ಹಿಡಿದು ಅಂಗಳಕ್ಕೂ ಹೋಗಿ ನನ್ನಿಂದ ಬೈಸಿಕೊಂಡಳು.

ಎಂಬತ್ತೊಂಬತ್ತರ ಡಿಸೆಂಬರಿನಲ್ಲಿ ಚಳಿ ಬಿತ್ತು, ಇಬ್ಬರಿಗೂ ಹೆಚ್ಚಾಯಿತು. ಆ ಸೋಮವಾರ ಟಾಕಿ ನಮ್ಮ ಮನೆಗೆ ಬಂದಾಗ ಮೀಟರಿನ ಮುಳ್ಳು ಕೆಂಪು ಗೆರೆಯ ಮೇಲಿತ್ತು. ಮಾಮಾನಿಗೆ ಆ ನಾಲ್ಕು ದಿನ ಜಾಸ್ತಿ ಬೇಕಾಗಿತ್ತು, ಅಷ್ಟೇ. ಆದರೂ ನನಗೆ ಒಳಗೊಳಗೇ ಸಿಟ್ಟು ಬಂತು. ತುಂಬಿಸುವ ಕೆಲಸ ಪ್ರತಿ ಸಲ ನಮ್ಮ ಪಾಳಿಯಲ್ಲೇ ಯಾಕೆ ಬರಬೇಕು ಎಂದು. ಮಧ್ಯಾಹ್ನಕ್ಕೆ ಮುಳ್ಳು ಸೊನ್ನೆಗೆ ಕೂತಿತು, ಬಾಟಲಿ ಸುಮ್ಮನಾಯಿತು. ಮುರಗೆಪ್ಪಣ್ಣನ ಅಂಗಡಿಗೆ ಮುಟ್ಟಿಸಿದೆ. ಸೋಮವಾರ ಡಿಪೋಕ್ಕೆ ರಜೆ. ಮಂಗಳವಾರ ಸರದಿ ಬರಲಿಲ್ಲ. ಬುಧವಾರ ತುಂಬಿಸಿಕೊಂಡು ಹೊರಟರೆ ಕೊಗನೋಳಿ ಹತ್ತಿರ ಕಬ್ಬಿನ ಟ್ರೇಲರ್ ಮಗುಚಿ ರಸ್ತೆ ಬಂದ್.

ಆ ಮೂರು ದಿನ ಅವ್ವ ಮಾತಾಡಲಿಲ್ಲ. ಮಾತಾಡಲು ಉಸಿರು ಖರ್ಚು ಮಾಡಲಿಲ್ಲ ಅನ್ನಬೇಕು. ಮೊಣಕಾಲಿನ ಮೇಲೆ ಕೈ ಊರಿ, ಹೆಗಲು ಮೇಲೆ ಕೆಳಗೆ ಮಾಡುತ್ತ ಕೂತಿದ್ದಳು. ಬೀಸಣಿಗೆಯಿಂದ ಗಾಳಿ ಹಾಕಿದರೆ ಬೇಡ ಎಂದು ಕಣ್ಣಲ್ಲೇ ಹೇಳುತ್ತಿದ್ದಳು. ನಾನು ಸೊಸೈಟಿಗೆ ರಜೆ ಹಾಕಿದೆ.

ಗುರುವಾರ ಮುಂಜಾನೆ ಏಳಕ್ಕೆ ಮುರಗೆಪ್ಪಣ್ಣನ ಟೆಂಪೋ ಬಾಗಿಲಿಗೆ ಬಂತು. ಅವನೇ ಹೊತ್ತು ತಂದು ಒಳಕೋಣೆಯಲ್ಲಿ ನಿಲ್ಲಿಸಿದ. "ತಡಾ ಆತು, ತಪ್ಪ ತಿಳ್ಕೋಬ್ಯಾಡ್ರಿ. ಬೇಡಕಿಹಾಳಕ್ಕ ಹೋಗಬೇಕು, ಇವತ್ತ ನಮ್ಮ ಕಬ್ಬಿಗೆ ಕಡಿಯಾವ್ರ ಬರ್ತಾರ," ಎಂದು ನಿಲ್ಲದೆ ಹೋದ. ನಾನು ನಳಿಗೆ ಜೋಡಿಸಿದೆ. ಗುಂಡು ಎರಡರ ಗೆರೆಗೆ ಬಂತು. ಹತ್ತು ನಿಮಿಷದಲ್ಲಿ ಅವ್ವನ ತುಟಿಯ ಬಣ್ಣ ತಿರುಗಿತು. ಅರ್ಧ ತಾಸಿಗೆ ಅವಳ ಹೆಗಲು ಇಳಿದವು. ಮೂರು ದಿನದಲ್ಲಿ ಮೊದಲ ಸಲ ತಲೆ ಗೋಡೆಗೆ ಒರಗಿಸಿ ಕಣ್ಣು ಮುಚ್ಚಿದಳು.

ಎಂಟರ ಭೋಂಗಾ ಆಯಿತು.

ಕೈಗಾಡಿಯ ಗಾಲಿಯ ಸಪ್ಪಳ ಗಲ್ಲಿಯ ತಿರುವಿನಲ್ಲೇ ಕೇಳಿಸಿತು. ನಾನು ಕೌದಿ ತೆಗೆದು ಟಾಕಿಯ ಮೇಲೆ ಹೊದಿಸಿದೆ. ಇದನ್ನು ನಾನು ಯೋಚಿಸಿ ಮಾಡಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಕೌದಿ ಪೆಟ್ಟಿಗೆಯೊಳಗಿತ್ತು. ಪೆಟ್ಟಿಗೆಯ ಮೇಲೆ ಡಬ್ಬಿಗಳಿದ್ದವು. ಡಬ್ಬಿಗಳನ್ನು ಇಳಿಸಿ, ಪೆಟ್ಟಿಗೆ ತೆಗೆದು, ಕೌದಿ ಹೊರತೆಗೆಯಲು ಹೊತ್ತು ಬೇಕು. ಆ ಹೊತ್ತಿನಲ್ಲಿ ಯಾರಾದರೂ ಯೋಚಿಸಬಹುದು.

ಹೊರಗೆ ಬಂದು ಬಾಗಿಲು ಎಳೆದುಕೊಂಡು ನಿಂತೆ. ಕುಲಸುಂಬಿ ಮಾಮಿ ಗಾಡಿ ಹಿಡಿದು ನಿಂತಿದ್ದರು. ತಲೆಯ ಮೇಲಿನ ಸೆರಗು ಸರಿದಿತ್ತು, ಎಂದೂ ಸರಿಯುತ್ತಿರಲಿಲ್ಲ.

"ಬಂತೇನ ಸುಂದ್ರಾ?"

"ಇಲ್ರಿ ಮಾಮಿ. ಇನ್ನೂ ಬಂದಿಲ್ಲ."

"ಯಾ ಅಲ್ಲಾ. ನಿನ್ನಿ ಸಂಜಿಗೇ ಬರಬೇಕಿತ್ತಲ್ಲ?"

"ಕೊಗನೋಳ್ಯಾಗ ರಸ್ತಾ ಬಂದ್ ಐತಂತ. ಮಧ್ಯಾಹ್ನ ಆದೀತು."

"ಇವತ್ತ ಅವರಿಗೆ ಭಾಳ ಐತಿ ಬೇ. ಉಗುರ ನೀಲಿ ಆಗ್ಯಾವು. ಕುಂದ್ರಾಕೂ ಒಲ್ರು, ನಿಂದ್ರಾಕೂ ಒಲ್ರು." ಸ್ವಲ್ಪ ತಡೆದು, "ಅಕ್ಕ ಹ್ಯಾಂಗದಾರ?" ಅಂದರು.

"ಹಂಗ ಅದಾಳ್ರಿ."

ನನ್ನ ಬೆನ್ನ ಹಿಂದೆ, ಬಾಗಿಲಿನ ಒಳಗೆ, ಬಾಟಲಿ ಗುಳುಗುಳು ಅನ್ನುತ್ತಿತ್ತು. ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಮಾಮಿಗೆ ಹುಡುಗಿಯಾಗಿದ್ದಾಗಿನಿಂದ ಪವರ್‌ಲೂಮಿನ ಸದ್ದಿನಲ್ಲಿ ಬೆಳೆದು ಕಿವಿ ಮಂದ. ನಾವು ಅವರೊಡನೆ ಯಾವಾಗಲೂ ಗಟ್ಟಿಯಾಗಿಯೇ ಮಾತಾಡುವುದು. ಅವತ್ತು ನಾನು ಇನ್ನಷ್ಟು ಗಟ್ಟಿಯಾಗಿ ಮಾತಾಡಿದೆ. ಅವರು ನನ್ನ ಮುಖವನ್ನು ನೋಡಿದರು, ಆಮೇಲೆ ಬಾಗಿಲನ್ನು ನೋಡಿದರು. "ಬಂದ ಕೂಡ್ಲೇ ಒದರ ಬೇ," ಎಂದು ಗಾಡಿ ತಿರುಗಿಸಿದರು. ಖಾಲಿ ಗಾಡಿ ಕಲ್ಲಿನ ಮೇಲೆ ಜಿಗಿಯುತ್ತ ಹೋಯಿತು.

ಕಟ್ಟಳೆಯ ಪ್ರಕಾರ ನನ್ನದು ತಪ್ಪಿಲ್ಲ ಎಂದು ಒಳಗೆ ಬಂದು ಲೆಕ್ಕ ಹಾಕಿಕೊಂಡೆ. ನಮ್ಮ ಪಾಳಿಯಲ್ಲಿ ಹೋದದ್ದು ಮೂರು ದಿನ. ಅವು ನಮಗೆ ತಿರುಗಿ ಬರಬೇಕು. ಮುರಗೆಪ್ಪಣ್ಣ ಹೇಳಿದ್ದ, ಅವ್ವ ತಲೆಯಾಡಿಸಿದ್ದಳು, ಮಾಮಾ ಕೈ ಎತ್ತಿದ್ದರು. ಇಷ್ಟೆಲ್ಲ ನಿಜ. ಆದರೆ ಕಟ್ಟಳೆ ನನ್ನ ಕಡೆ ಇದ್ದರೆ ಮಾಮಿಯ ಮುಂದೆ ಅದನ್ನೇ ಹೇಳಬಹುದಿತ್ತಲ್ಲ. ಮಾಮಿ, ಟಾಕಿ ಬಂದಿದೆ, ಕಳೆದ ದಿನಗಳು ನಮ್ಮವು, ಇಂದು ಕೊಡುವುದಿಲ್ಲ ಅನ್ನಬೇಕಿತ್ತು. ಅಂದಿದ್ದರೆ ಅವರು ಜಗಳಾಡುತ್ತಿದ್ದರು, ಅಳುತ್ತಿದ್ದರು, ಇಲ್ಲವೇ ಒಂದು ತಾಸು ಕೊಡು ಎಂದು ಬೇಡುತ್ತಿದ್ದರು. ಅವರನ್ನು ಕೈಗಾಡಿಯ ಮೇಲೆ ಕೂಡಿಸಿ ಇಲ್ಲಿಗೇ ಕರೆತರುತ್ತೇನೆ, ಅಕ್ಕನ ಪಕ್ಕ ಕೂತು ಸರದಿಯ ಮೇಲೆ ತಗೊಳ್ಳಲಿ ಎಂದೂ ಮಾಮಿ ಅನ್ನಬಹುದಿತ್ತು. ಹೀಗೊಂದು ದಾರಿ ಇತ್ತು ಎಂಬುದು ನನಗೆ ಹೊಳೆದದ್ದು ಮಾರನೆಯ ವಾರ.

ಮೊದಲು ಒಂದು ತಾಸು ಎಂದುಕೊಂಡೆ. ಅವ್ವ ನಿದ್ದೆಯಲ್ಲಿದ್ದಳು. ಹತ್ತಾಯಿತು. ಮಧ್ಯಾಹ್ನಕ್ಕೆ ಎಬ್ಬಿಸಿ ಎರಡು ಚಮಚ ಗಂಜಿ ಕುಡಿಸಿದೆ. ನಳಿಗೆ ಬಿಚ್ಚಲು ಕೈ ಹೋಯಿತು, ಬಂತು. ಒಂದು ಗಂಟೆಗೆ ತಡೆಯಲಾಗಲಿಲ್ಲ. ಪಕ್ಕದ ಚಾಳಿನ ಲಗಮಣ್ಣ ಕಾಕಾನ ಕೈಗಾಡಿ ಕೇಳಿ ತಂದೆ. ಅವರೇ ಟಾಕಿ ಎತ್ತಿ ಹಾಕಿಕೊಟ್ಟರು. "ಅವ್ವಾ, ಮಾಮಾನ ಮನಿಗೆ ಕೊಟ್ಟ ಬರ್ತೀನಿ" ಅಂದೆ.

ಎರಡು ಗಲ್ಲಿ ಅಂದರೆ ಎಷ್ಟು ದೂರ? ಟಾಕಿ ಉರುಳದ ಹಾಗೆ ಒಂದು ಕೈಯಿಂದ ಹಿಡಿದು ಇನ್ನೊಂದು ಕೈಯಿಂದ ನೂಕುತ್ತ ಓಡಿದೆ. ತಿರುವು ದಾಟಿದರೆ ಮಾಮಾನ ಮನೆಯ ಮುಂದೆ ಚಪ್ಪಲಿಗಳು. ಬಹಳ ಚಪ್ಪಲಿಗಳು. ಕಟ್ಟೆಯ ಮೇಲೆ ಗಂಡಸರು ತಲೆ ತಗ್ಗಿಸಿ ಕೂತಿದ್ದರು. ಒಳಗಿನಿಂದ ಹೆಂಗಸರ ದನಿ ಬರುತ್ತಿತ್ತು.

ನಾನು ಗಾಡಿ ತಿರುಗಿಸಿ ಹೋಗಿಬಿಡಬೇಕೆಂದಿದ್ದೆ. ಆದರೆ ಅವರು ನನ್ನನ್ನು ನೋಡಿದ್ದರು. "ಬಂತ ನೋಡ್ರಿ ಟಾಕಿ," ಅಂದ ಕಟ್ಟೆಯ ತುದಿಗೆ ಕೂತವನು. "ಒಂದ ತಾಸ ಮೊದಲ ಬಂದಿದ್ರ ಆಗತಿತ್ತು." ಇನ್ನೊಬ್ಬ ಮುದುಕ ಎದ್ದು ಬಂದು ಗಾಡಿಗೆ ಕೈ ಹಚ್ಚಿದ. "ಪಾಪ, ಒಬ್ಬಾಕಿನ ನೂಕ್ಕೋತ ಬಂದಾಳ ನೋಡ್ರಿ. ಹಡದ ಮಗಳಾದ್ರೂ ಇಷ್ಟ ಓಡಾಡತಿರಲಿಲ್ಲ."

ಬೆಳಿಗ್ಗೆ ಹೇಳಿದ್ದು ಒಂದು ಸುಳ್ಳು. ಈಗ ಬಾಯಿ ಮುಚ್ಚಿಕೊಂಡು ನಿಂತದ್ದಕ್ಕೆ ಏನೆನ್ನಬೇಕೋ ತಿಳಿಯದು. ಅವರೇ ಎಲ್ಲ ಹೇಳಿಬಿಟ್ಟರು, ನಾನು ತಲೆ ತಗ್ಗಿಸಿದೆ, ಅದೂ ದುಃಖದಂತೆ ಕಂಡಿತು.

ಒಳಗೆ ಹೋದಾಗ ಮಾಮಿ ನನ್ನ ಎರಡೂ ಕೈ ಹಿಡಿದುಕೊಂಡರು. ಕೈಗಾಡಿಯ ಹಿಡಿಕೆಯಿಂದ ಅವು ಬಿಸಿಯಾಗಿದ್ದವು. ಮಾಮಿ ನನ್ನ ಅಂಗೈಯನ್ನು ನೋಡಿ, "ಬೊಕ್ಕಿ ಎದ್ದಾವಲ್ಲ ಬೇ" ಅಂದರು. ಅಷ್ಟೇ ಅಂದರು.

ಸಂಜೆ ಮಣ್ಣಿಗೆ ಹೋಗುವ ಹೊತ್ತಿಗೆ ಮುರಗೆಪ್ಪಣ್ಣನೂ ಬೇಡಕಿಹಾಳದಿಂದ ಬಂದ. ಕಟ್ಟೆಯ ಪಕ್ಕ ಗಾಡಿಯ ಮೇಲೆ ಟಾಕಿ ಮಲಗಿತ್ತು. ಜನ ಅವನಿಗೂ ಅದೇ ಮಾತು ಹೇಳಿದರು, ಟಾಕಿ ಒಂದು ತಾಸು ತಡವಾಯಿತು ಎಂದು. ಅವನು ಟಾಕಿಯನ್ನು ನೋಡಿದ, ನನ್ನನ್ನು ನೋಡಿದ, ಗೋಡೆಯ ಕಡೆಗೆ ಕರೆದ.

"ಮುಂಜಾನಿ ಏಳಕ್ಕ ಇಳಿಸಿ ಹೋಗಿದ್ನಲ್ಲ?" ತಗ್ಗಿದ ದನಿಯಲ್ಲಿ ಕೇಳಿದ.

"ಹೌದ್ರಿ ಅಣ್ಣಾ."

"ಮತ್ತ ಇವ್ರು?"

"ಬಂದಿಲ್ಲಂತ ಹೇಳಿದೆ."

ಅವನು ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡ. "ಪಾಳಿ ನಿಮ್ಮದ ಇತ್ತು. ಅದ ಬರೋಬ್ಬರಿ ಐತಿ. ನಮ್ಮ ಬಾವಿ ಮ್ಯಾಲ ಆಗಿದ್ರ ಪಂಚರೂ ಅದನ್ನ ಹೇಳತಿದ್ರು." ಇಷ್ಟು ಅಂದು ಎರಡು ಹೆಜ್ಜೆ ಹೋದವನು ಹಿಂದಿರುಗಿದ. "ಆದ್ರ ನಮ್ಮ ಬಾವಿ ಮ್ಯಾಲ ಪಾಳಿ ತಗೋಳಾಂವ ಮಗ್ಗಲ ಹೊಲದಾಂವಗ ಒದರಿ ಹೇಳಿ ತಗೋತಾನವ್ವಾ. ಮುಚ್ಚಿ ತಗೋಳೂದಿಲ್ಲ."

ಅವನು ಇದನ್ನು ಯಾರಿಗಾದರೂ ಹೇಳಿದನೋ ಇಲ್ಲವೋ ಗೊತ್ತಿಲ್ಲ. ನನಗಂತೂ ಮತ್ತೆ ಹೇಳಲಿಲ್ಲ. ಮೊದಲಿನಂತೆಯೇ ಟಾಕಿ ತುಂಬಿಸಿಕೊಂಡು ಬರುತ್ತಿದ್ದ, ಆದರೆ ಬಾಗಿಲ ಹೊರಗೇ ಇಳಿಸಿ ಹೋಗುತ್ತಿದ್ದ.

ಮೂರನೆಯ ದಿನದ ಜಿಯಾರತ, ಗೋರಿಯ ಹತ್ತಿರದ ಪ್ರಾರ್ಥನೆ, ಮುಗಿದ ಮೇಲೆ ಮಾಮಿ ನಮ್ಮ ಮನೆಗೆ ಬಂದರು. ಮಣ್ಣಾದ ರಾತ್ರಿಯೇ ಟಾಕಿ ನಮ್ಮ ಮನೆಗೆ ಮರಳಿತ್ತು; ಅವರ ಹತ್ತಿರ ಉಳಿದಿದ್ದ ಒಂದು ರಬ್ಬರ್ ನಳಿಗೆ ಮತ್ತು ಚೀಟಿಯ ಪ್ರತಿ ತಂದಿದ್ದರು. ನಳಿಗೆಯನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿ ಸುತ್ತಿದ್ದರು. "ಈಗ ಏಳೂ ದಿನಾ ಅಕ್ಕಂದ" ಅಂದರು. ಅವ್ವ ಕಣ್ಣು ತೆರೆದು ಅವರನ್ನು ನೋಡಿದಳು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಕೂತರು. ನಾನು ಚಹಾ ಮಾಡುತ್ತೇನೆಂದು ಎದ್ದು ಹೋಗಿ, ಟಾಕಿಯ ಹತ್ತಿರ ಬೆಂಕಿ ಹಚ್ಚಬಾರದೆಂದು ನೆರೆಮನೆಯ ಒಲೆಯ ಮುಂದೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತೆ.

ಮುಂದಿನ ಸೋಮವಾರ ಎಲ್ಲ ಸರಿಯಾಗಿತ್ತು. ಗುರುವಾರ ಭೋಂಗಾ ಆದ ಮೇಲೆ ಅವ್ವ ಮೂಗಿನ ನಳಿಗೆಯನ್ನು ತಾನೇ ತೆಗೆದು ನನ್ನ ಕೈಯಲ್ಲಿ ಇಟ್ಟಳು.

"ಯಾಕಬೇ?"

"ಇವತ್ತಿಂದ ಪೀರ್ಯಾನ ಪಾಳಿ."

"ಅವ್ವಾ, ಮಾಮಾ ಇಲ್ಲಲ್ಲ ಈಗ. ಪಾಳಿ ಎಲ್ಲಾ ನಿಂದ."

"ಗುರುವಾರ ಐತಿಲ್ಲೋ ಇವತ್ತ?"

"ಐತಿ."

"ಮತ್ತ?"

ನಾನು ಬೇಡಿಕೊಂಡೆ, ಬೈದೆ, ಬಲವಂತವಾಗಿ ಹಾಕಿದೆ. ಹಾಕಿದರೆ ತೆಗೆಯುತ್ತಿದ್ದಳು. ಜಗಳಾಡಿದಷ್ಟೂ ದಮ್ಮು ಹೆಚ್ಚಾಗುತ್ತಿತ್ತು, ಬಿಡಬೇಕಾಯಿತು. ಸೋಮವಾರ ಭೋಂಗಾ ಆಗುವವರೆಗೆ ನಾಲ್ಕು ದಿನ ತುಂಬಿದ ಟಾಕಿಯ ಪಕ್ಕ ಕೂತು ಅವಳು ಗಾಳಿಗಾಗಿ ಒದ್ದಾಡಿದಳು. ಸೋಮವಾರ ನಳಿಗೆಗೆ ತಾನೇ ಕೈ ಚಾಚಿದಳು. ಇದು ಒಂದು ವಾರದ ಮಾತಲ್ಲ. ಹೀಗೇ ನಡೆಯಿತು.

ದವಾಖಾನೆಗೆ ಹೋಗಿ ಡಾಕ್ಟರಿಗೆ ಹೇಳಿದೆ. ಎಲ್ಲವನ್ನೂ ಹೇಳಲಿಲ್ಲ. ಅವ್ವ ವಾರದಲ್ಲಿ ನಾಲ್ಕು ದಿನ ಒಲ್ಲೆ ಅನ್ನುತ್ತಾಳೆ ಎಂದಷ್ಟೇ. ಮಿದುಳಿಗೆ ಗಾಳಿ ಸಾಲದಿದ್ದರೆ ಹೀಗೆ ಗೊಂದಲವಾಗುತ್ತದೆ, ಸತ್ತವರು ಇದ್ದಾರೆ ಅನ್ನಿಸುತ್ತದೆ, ಕೆಲವರಿಗೆ ವಾರ ತಿಥಿ ಮಾತ್ರ ಗಟ್ಟಿಯಾಗಿ ನೆನಪಿರುತ್ತದೆ ಎಂದರು. ನನಗೆ ಸ್ವಲ್ಪ ಸಮಾಧಾನವಾಯಿತು. ಮನೆಗೆ ಬಂದು ನೋಡಿದರೆ ಅವ್ವ ನೆರೆಯ ರುಕ್ಮವ್ವನೊಡನೆ ಯಾರ ಮನೆಯ ಮದುವೆಗೆ ಯಾರು ಎಷ್ಟು ಸೀರೆ ಉಡಿಸಿದರು ಎಂದು ಹೆಸರು ಹೆಸರು ಹಿಡಿದು ಹೇಳುತ್ತಿದ್ದಳು. ಒಂದೂ ತಪ್ಪಿರಲಿಲ್ಲ.

ಒಮ್ಮೆ ಧೈರ್ಯ ಮಾಡಿ, ತಲೆ ಬಾಚುವಾಗ, ಬೆನ್ನ ಹಿಂದಿನಿಂದ ಕೇಳಿದೆ. "ಅವ್ವಾ, ಆವತ್ತ ಮುಂಜಾನಿ ಮಾಮಿ ಬಾಗಲಿಗೆ ಬಂದಿದ್ರು. ನಿನಗ ಎಚ್ಚರಿತ್ತೇನು?"

"ಎಂದ?"

"ಟಾಕಿ ಬಂದ ದಿನಾ."

ಅವಳು ಕೈ ಹಿಂದಕ್ಕೆ ಚಾಚಿ ಜಡೆ ಮುಟ್ಟಿ ನೋಡಿದಳು. ಆಮೇಲೆ "ಜಡಿ ಬಿಗಿ ಹಾಕಬ್ಯಾಡ, ತಲಿ ನೋಯತೈತಿ" ಅಂದಳು.

ಏಪ್ರಿಲಿನಲ್ಲಿ ಒಂದು ಮಂಗಳವಾರ, ತನ್ನ ಪಾಳಿಯಲ್ಲಿ, ನಳಿಗೆ ಹಾಕಿಕೊಂಡೇ ಹೋದಳು. ಟಾಕಿ ಅರ್ಧ ಉಳಿದಿತ್ತು. ಮುರಗೆಪ್ಪಣ್ಣ ಅದನ್ನು ರಾಯಬಾಗದ ಕಡೆಯ ಯಾವುದೋ ಮನೆಗೆ ಒಯ್ದ. ಆ ಮನೆಯ ಹೆಸರನ್ನು ನಾನು ಕೇಳಲಿಲ್ಲ.

ಮಾಮಿ ತಮ್ಮ ಮಗಳು ಮಮತಾಜಳ ಹತ್ತಿರ ಇಚಲಕರಂಜಿಗೆ ಹೋಗಿಬಿಟ್ಟರು. ಮೂರು ಸಲ ನಾನು ಅಲ್ಲಿಗೆ ಹೋಗಿದ್ದೇನೆ, ಹೇಳಬೇಕೆಂದೇ. ಮೊದಲ ಸಲ ಮನೆ ತುಂಬ ಜನರಿದ್ದರು. ಎರಡನೆಯ ಸಲ ಮಾಮಿಗೆ ಜ್ವರ. ಮೂರನೆಯ ಸಲ, ತೊಂಬತ್ತಾರರಲ್ಲಿ, ನಾವಿಬ್ಬರೇ ಇದ್ದೆವು. ಹೊರಗೆ ಮಗ್ಗಗಳು ನಡೆಯುತ್ತಿದ್ದವು. "ಮಾಮಿ, ಆವತ್ತ ಗುರುವಾರ..." ಎಂದು ಶುರು ಮಾಡಿದೆ. ಅವರು ಕಿವಿಯ ಹತ್ತಿರ ಕೈ ಒಡ್ಡಿ, "ಏನ ಅಂದಿ ಬೇ? ಗಟ್ಟಿ ಹೇಳು" ಅಂದರು. ಅದನ್ನು ಗಟ್ಟಿಯಾಗಿ ಹೇಳಲು ನನ್ನಿಂದ ಆಗಲಿಲ್ಲ. ಊಟ ಚಲೋ ಆಗೈತ್ರಿ ಅಂದೆ. ಅವರು ನಕ್ಕು ಇನ್ನೊಂದು ಭಾಕ್ರಿ ಬಡಿಸಿದರು.

ಎಂಟು ಗಂಟೆಗೇ ಟಾಕಿ ಹೋಗಿದ್ದರೆ ಪೀರಸಾಬ ಮಾಮಾ ಬದುಕುತ್ತಿದ್ದರೇ ಎಂದು ಆಮೇಲೆ ಇಬ್ಬರು ಡಾಕ್ಟರುಗಳನ್ನು, ಬೇರೆ ಯಾರದೋ ಮಾತೆಂಬಂತೆ, ಕೇಳಿದ್ದೇನೆ. ಒಬ್ಬರು ಬಹುಶಃ ಇಲ್ಲ ಅಂದರು. ಇನ್ನೊಬ್ಬರು ಹೇಳಲು ಬರುವುದಿಲ್ಲ ಅಂದರು. ಮೊದಲನೆಯವರ ಮಾತನ್ನು ನಂಬಬೇಕೆಂದು ನನಗೆ ಆಸೆ, ಆ ಕಾರಣಕ್ಕೇ ನಂಬಲು ಹೆದರಿಕೆ. ಅವತ್ತು ಗೋಡೆಗೆ ತಲೆ ಒರಗಿಸಿ ಕಣ್ಣು ಮುಚ್ಚಿದ್ದ ಅವ್ವನಿಗೆ ನಿದ್ದೆ ಬಂದಿತ್ತೋ, ಎಚ್ಚರವಿತ್ತೋ ಗೊತ್ತಿಲ್ಲ. ಮಾಮಿಗೆ ಎಷ್ಟು ಗೊತ್ತು ಎಂಬುದೂ ನನಗೆ ಗೊತ್ತಿಲ್ಲ.